ಒಂಟಿಮನೆಯ ಕಾವಲು

ಹೊಸನಗರ ಸೀಮೆಯ ಒಂಟಿಮನೆಗಳಿಗೆ ಸಿಸಿ ಕ್ಯಾಮೆರಾ ಬಂದದ್ದು ಕಳ್ಳರ ಹೆದರಿಕೆಯಿಂದ ಎಂದು ಹೇಳುವುದು ವಾಡಿಕೆ. ಕಳ್ಳರೇನೂ ಹೊಸಬರಲ್ಲ. ಅಂಗಳದಲ್ಲಿ ಅಡಿಕೆ ಒಣಗಿಸುವುದು ಶುರುವಾದ ಕಾಲದಿಂದ ಅದರ ಮೇಲೆ ಕಣ್ಣಿಟ್ಟವರೂ ಇದ್ದಾರೆ. ಹೊಸದಾಗಿ ಆದದ್ದೆಂದರೆ ಮಕ್ಕಳು ಬೆಂಗಳೂರು ಸೇರಿದ್ದು. ಹತ್ತು ಹದಿನೈದು ಜನ ಉಂಡು ಮಲಗುತ್ತಿದ್ದ ಮನೆಯಲ್ಲಿ ಈಗ ಎಪ್ಪತ್ತು ದಾಟಿದ ಇಬ್ಬರೇ ಇದ್ದಾರೆ. ಹಬ್ಬಕ್ಕೆ ಬಂದ ಮಗ ನಾಲ್ಕು ಕ್ಯಾಮೆರಾ ಹಾಕಿಸುತ್ತಾನೆ, ತನ್ನ ಫೋನಿಗೆ ಆ್ಯಪ್ ಇಳಿಸಿಕೊಳ್ಳುತ್ತಾನೆ, ಅರ್ಧ ಸಮಾಧಾನದಿಂದ ರಾತ್ರಿ ಬಸ್ಸು ಹತ್ತುತ್ತಾನೆ. ಅಲ್ಲಿಂದ ಮುಂದೆ ದಣಪೆ ಸರಿಸಿಕೊಂಡು ಯಾರು ಒಳಗೆ ಬಂದರೂ ಮೊದಲು ತಿಳಿಯುವುದು ಮುನ್ನೂರು ಚಿಲ್ಲರೆ ಕಿಲೋಮೀಟರು ದೂರದ ಮಗನಿಗೆ. ಜಗಲಿಯ ಮೇಲೆ ಕೂತ ಅಪ್ಪಯ್ಯನಿಗೆ ತಿಳಿಯುವುದು ಆಮೇಲೆ. ಈ ಸರತಿ ತಲೆಕೆಳಗಾಗಿದೆ ಎನ್ನುವುದು ನನ್ನ ವಾದ. ಕಾವಲಿನ ಏರ್ಪಾಡು ಏನೇ ಇರಲಿ, ಸುದ್ದಿ ಮೊದಲು ಹತ್ತಿರದವರಿಗೆ ಮುಟ್ಟಬೇಕು, ಚಿತ್ರ ಮನೆಯೊಳಗೇ ಉಳಿಯಬೇಕು, ಇಂಟರ್ನೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲಬಾರದು. ಕಂಪನಿಗಳು ಇವತ್ತು ಮಾರುತ್ತಿರುವ ಕ್ಲೌಡ್ ಕ್ಯಾಮೆರಾ ಈ ಮೂರರಲ್ಲೂ ಉಲ್ಟಾ.

ಆ ಕ್ಯಾಮೆರಾ ಕಂಡದ್ದು ಯಾವ ದಾರಿ ಹಿಡಿಯುತ್ತದೆ ನೋಡಿ. ಆಷಾಢದ ಒಂದು ರಾತ್ರಿ ನಿಟ್ಟೂರಿನ ಕಡೆಯ ಒಂದು ಅಂಗಳಕ್ಕೆ ಅಪರಿಚಿತನೊಬ್ಬ ಕಾಲಿಟ್ಟ ಎನ್ನೋಣ. ಚಿತ್ರ ವೈಫೈ ಮೂಲಕ ರೂಟರಿಗೆ, ಅಲ್ಲಿಂದ ಕಂಬದಿಂದ ಕಂಬಕ್ಕೆ ತೂಗುಬಿದ್ದ ಫೈಬರ್ ಮೂಲಕ ಪೇಟೆಯ ಎಕ್ಸ್‌ಚೇಂಜಿಗೆ, ಅಲ್ಲಿಂದ ಮುಂಬಯಿಯಲ್ಲೋ ಹೊರದೇಶದಲ್ಲೋ ಇರುವ ಸರ್ವರಿಗೆ ಹೋಗುತ್ತದೆ. ಸರ್ವರು ಅದನ್ನು ನೋಡಿ, ಇದು ಮನುಷ್ಯನೇ ಎಂದು ತೀರ್ಮಾನಿಸಿ, ಬೆಂಗಳೂರಿನ ಫೋನಿಗೆ ಒಂದು ಟಿಂಗ್ ಕಳಿಸುತ್ತದೆ. ಫೋನಿನ ಯಜಮಾನ ಮಲಗಿದ್ದಾನೆ. ಎಚ್ಚರಾದರೂ ಅವನು ಮಾಡಬಹುದಾದದ್ದು ಅಪ್ಪಯ್ಯನಿಗೆ ಫೋನು, ಅದು ಸಿಗದಿದ್ದರೆ ಆಚೆಮನೆಯವರಿಗೆ, ಅದೂ ಸಿಗದಿದ್ದರೆ 112ಕ್ಕೆ. ಅಂದರೆ ನೂರಿನ್ನೂರು ಗಜದ ಆಚೆ ಮಲಗಿರುವ ನೆರೆಯವನನ್ನು ಎಬ್ಬಿಸಲು ಸುದ್ದಿ ಅರಬ್ಬೀ ಸಮುದ್ರದ ದಡ ಮುಟ್ಟಿ ಬರಬೇಕು. ಅದೇ ಮನೆಯ ಮಾಡಿನಡಿಯಲ್ಲಿ ಒಂದು ಸೈರನ್ ಇದ್ದರೆ ಆ ನೆರೆಯವನು ಒಂದು ಉಸಿರಿನಲ್ಲಿ ಎದ್ದು ಕೂರುತ್ತಾನೆ. ಕಳ್ಳನಿಗೂ ಅಷ್ಟೇ ಬೇಗ ವಿಷಯ ತಿಳಿಯುತ್ತದೆ, ನಮಗೆ ಬೇಕಾದದ್ದೂ ಅದೇ.

ಈ ದಾರಿಯ ಒಂದೊಂದು ಕೊಂಡಿಯೂ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಮಲೆನಾಡಿನವರಿಗೆ ವಿವರಿಸುವುದು ಬೇಡ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರು ಮೀರುತ್ತದೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು ಅದರ ಜೊತೆ ಪೈಪೋಟಿಗೆ ನಿಂತ ಊರುಗಳು. ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಮೆಸ್ಕಾಂ ಕರೆಂಟು ಹೋಗುತ್ತದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಬರಿದಾಗುತ್ತದೆ. ಅದೇ ಮರ ಫೈಬರನ್ನೂ ಎಳೆದುಕೊಂಡು ಬಿದ್ದಿದ್ದರೆ ಲೈನ್‌ಮನ್ ಬಂದು ಹೋದ ಮೇಲೂ ಇಂಟರ್ನೆಟ್ ಬರುವುದಿಲ್ಲ. 1948ರ ಹಿರೇಭಾಸ್ಕರ, 1964ರ ಲಿಂಗನಮಕ್ಕಿ, ಆಮೇಲಿನ ಚಕ್ರಾ, ಸಾವೆಹಕ್ಲು, ಮಾಣಿ ಎಂದು ಸಾಲುಸಾಲು ಅಣೆಕಟ್ಟು ಕಟ್ಟಿಸಿಕೊಂಡು ನಾಡಿಗೆಲ್ಲ ಕರೆಂಟು ಕೊಟ್ಟ ನೆಲ ಇದು. ಇಲ್ಲಿಯ ಹಿನ್ನೀರಿನ ಹಳ್ಳಿಗಳು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಕೂಗಬೇಕಾಗಿ ಬಂತು. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದು ಇದೇ ಸೀಮೆಯಲ್ಲಿ. ನೆಟ್‌ವರ್ಕ್ ಈಗ ಎಷ್ಟೋ ಸುಧಾರಿಸಿದೆ, ನಿಜ. ಆದರೆ ಕಾವಲು ಬೇಕಾಗುವುದು ನೆಟ್‌ವರ್ಕ್ ಚೆನ್ನಾಗಿರುವ ಫಾಲ್ಗುಣದ ಹಗಲಿಗಲ್ಲ. ಕತ್ತಲೆಗೆ, ಮಳೆಯ ಸದ್ದಿನಲ್ಲಿ ನಾಯಿ ಬೊಗಳಿದ್ದೂ ಕೇಳಿಸದ ರಾತ್ರಿಗೆ.

ಲೆಕ್ಕದ ಮಾತೂ ಒಂದಿದೆ. ಎರಡು ಮೆಗಾಪಿಕ್ಸೆಲ್ಲಿನ ಸಾಮಾನ್ಯ ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್ ಹರಿಸುತ್ತದೆ ಎಂದು ಹಿಡಿದರೆ ಗಂಟೆಗೆ ಸುಮಾರು 0.9 ಜಿಬಿ ಆಯಿತು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕು ಒಂದೇ ಕ್ಯಾಮೆರಾಕ್ಕೆ ಎರಡು ಗಂಟೆ ಚಿಲ್ಲರೆ ಸಾಕಾದೀತು. ಕಂಪನಿಯವರು ಇದಕ್ಕೆ ಉತ್ತರ ಇಟ್ಟುಕೊಂಡಿದ್ದಾರೆ: ಎಲ್ಲವನ್ನೂ ಕಳಿಸುವುದಿಲ್ಲ, ಅಲುಗಾಟ ಕಂಡಾಗ ಮಾತ್ರ ತುಣುಕು ಕಳಿಸುತ್ತೇವೆ ಎನ್ನುತ್ತಾರೆ. ಪೇಟೆಯ ಅಪಾರ್ಟ್‌ಮೆಂಟಿನ ಬಾಗಿಲಿಗೆ ಅದು ಸರಿ. ನಮ್ಮ ಅಂಗಳದಲ್ಲಿ ಅಲುಗದ ವಸ್ತು ಯಾವುದು? ಅಡಿಕೆ ಸೋಗೆ ಅಲುಗುತ್ತದೆ, ಬಾಳೆ ಎಲೆ ಅಲುಗುತ್ತದೆ, ಹಗ್ಗದ ಮೇಲಿನ ಒಣಗದ ಬಟ್ಟೆ ಅಲುಗುತ್ತದೆ. ರಾತ್ರಿ ನೋಡಲೆಂದು ಕ್ಯಾಮೆರಾದ ಸುತ್ತ ಇರುವ ಪುಟ್ಟ ದೀಪಗಳು ನಮಗೆ ಮಂಕು ಕೆಂಪಾಗಿ ಕಂಡರೂ ಹುಳಗಳನ್ನು ಎಳೆಯುತ್ತವೆ. ಹುಳ ಬಂದಲ್ಲಿ ಜೇಡ ಬರುತ್ತದೆ. ಅದು ಗಾಜಿನ ಅಂಚಿನಿಂದ ಮಾಡಿನ ರೀಪಿಗೆ ಎಳೆ ಹಾಕಿ ಬಲೆ ನೇಯುತ್ತದೆ. ಎಳೆಯ ಮೇಲೆ ನೀರ ಹನಿಗಳು ಸಾಲಾಗಿ ಕೂರುತ್ತವೆ. ಕ್ಯಾಮೆರಾಕ್ಕೆ ಆ ಎಳೆ ಹಗ್ಗದಷ್ಟು ದಪ್ಪ, ಬೆಳ್ಳಗೆ, ಗಾಳಿಗೆ ತೂಗುವ ಏನೋ ಒಂದು ಭಾರೀ ಪ್ರಾಣಿಯಾಗಿ ಕಾಣುತ್ತದೆ. ಬೆಂಗಳೂರಿನ ಫೋನು ರಾತ್ರಿಯಿಡೀ ಟಿಂಗುಟ್ಟುತ್ತದೆ. ನಾಲ್ಕನೆಯ ದಿನ ಮಗ ನೋಟಿಫಿಕೇಶನ್ ಆಫ್ ಮಾಡುತ್ತಾನೆ. ಕಾವಲು ಅಲ್ಲಿಗೆ ಮುಗಿಯಿತು, ತಿಂಗಳ ಬಾಡಿಗೆ ಮಾತ್ರ ಮುಂದುವರಿಯುತ್ತದೆ.

ಹಾಗಾದರೆ ಹಾಕಿಸಬೇಕಾದದ್ದೇನು? ಮೊದಲು ಕ್ಯಾಮೆರಾದ ಮೇಲಿನ ಮೋಹ ಬಿಡಬೇಕು. ಕ್ಯಾಮೆರಾ ಸಾಕ್ಷಿದಾರ, ಕಾವಲುಗಾರನ ಕೆಲಸಕ್ಕೆ ಬೇರೆಯವರೇ ಬೇಕು. ಆ ಕೆಲಸ ಮಾಡುವುದು ಬಹಳ ಸಾದಾ ಸಾಮಾನುಗಳು: ಬಾಗಿಲ ಚೌಕಟ್ಟಿಗೆ ಹಚ್ಚುವ ಆಯಸ್ಕಾಂತದ ಸ್ವಿಚ್ಚು, ಮೈಶಾಖವನ್ನು ಗುರುತಿಸುವ ಪಿಐಆರ್ ಸೆನ್ಸರು, ಮಾಡಿನಡಿಯ ಸೈರನ್ನು, ಹೊರಗಿನ ದೀಪ. ಇವನ್ನು ನಡೆಸುವ ಪೆಟ್ಟಿಗೆಯೊಳಗೆ ಒಂದು ಸಿಮ್ ಹಾಕುವ ಜಾಗವಿರುತ್ತದೆ. ಅಡಿಕೆ ಗೋದಾಮಿನ ಬಾಗಿಲು ಹೊತ್ತಲ್ಲದ ಹೊತ್ತಿನಲ್ಲಿ ತೆರೆದರೆ ಸೈರನ್ ಕೂಗುತ್ತದೆ, ದೀಪ ಹತ್ತುತ್ತದೆ, ಪೆಟ್ಟಿಗೆ ತಾನಾಗಿ ನಾಲ್ಕು ನಂಬರುಗಳಿಗೆ ಒಂದಾದ ಮೇಲೊಂದು ಕರೆ ಮಾಡುತ್ತದೆ. ಕರೆಗೆ 4ಜಿ ಬೇಡ, ಡೇಟಾ ಬೇಡ. ಒಂದು ಗೆರೆ ಸಿಗ್ನಲ್ ಸಿಕ್ಕರೆ ಸಾಕು. ಸಿಗ್ನಲ್ ಪೂರ್ತಿ ಸತ್ತಿದ್ದರೂ ಸೈರನ್ ಮತ್ತು ದೀಪ ತಮ್ಮ ಕೆಲಸ ಮಾಡಿಯೇ ಇರುತ್ತವೆ. ನಂಬರುಗಳ ಸಾಲಿನಲ್ಲಿ ಮೊದಲನೆಯದು ಆಚೆಮನೆಯವರದು ಇರಲಿ, ಮಗನದು ಕೊನೆಗಿರಲಿ. ತೋಟದ ತುದಿಯ ದಣಪೆಗೆ, ಪಂಪ್‌ಹೌಸಿಗೆ ತಂತಿ ಎಳೆಯುವುದು ಕಷ್ಟವಾದರೆ ಲೋರಾ ಎಂಬ ರೇಡಿಯೊ ಇದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕೆ ಲೈಸೆನ್ಸ್ ಬೇಡ. ವೈಫೈ ಮುಟ್ಟದ ದೂರಕ್ಕೆ ಅದು ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಒಂದು ಚುಟುಕು ಸುದ್ದಿ ಮುಟ್ಟಿಸುತ್ತದೆ. ಚಿತ್ರ ಕಳಿಸುವ ತಾಕತ್ತು ಅದಕ್ಕಿಲ್ಲ. ‘ದಣಪೆ ತೆಗೆಯಿತು’ ಎಂದು ಹೇಳಲು ಚಿತ್ರ ಯಾಕೆ?

ಸಾಕ್ಷಿದಾರನ ವಿಷಯ ಎರಡನೆಯದು. ಇಲ್ಲಿ ಒಂದು ತಮಾಷೆಯಿದೆ: ಹೊಸನಗರ, ರಿಪ್ಪನ್‌ಪೇಟೆ, ಸಾಗರದ ಅಂಗಡಿಯವರು ಹದಿನೈದು ವರ್ಷಗಳಿಂದ ಹಾಕುತ್ತ ಬಂದಿರುವ ಸಾದಾ ಡಿವಿಆರ್ ಸೆಟ್ಟು ಹುಟ್ಟಾ ಮನೆವಾಸಿ. ಬಿಎನ್‌ಸಿ ಪಿನ್ನು, 3+1 ಕೇಬಲ್ಲು, ಒಂದು ಹಾರ್ಡ್ ಡಿಸ್ಕು. ಕ್ಲೌಡಿನ ಹಂಗು ಅದಕ್ಕೆ ಮೊದಲಿನಿಂದಲೂ ಇರಲಿಲ್ಲ. ಹೊಸ ಬಗೆಯ ಐಪಿ ಕ್ಯಾಮೆರಾ ಬೇಕೆಂದರೆ ‘ಆನ್‌ವಿಫ್’ ಎಂಬ ಸಾಮಾನ್ಯ ಭಾಷೆ ಬಲ್ಲದ್ದನ್ನು ಕೇಳಿ ತರಬೇಕು, ಆಗ ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ರೆಕಾರ್ಡರಿನ ಜೊತೆ ಮಾತಾಡುತ್ತದೆ. ಕೈ ಪಳಗಿದವರು ಹಳೆಯ ಕಂಪ್ಯೂಟರಿಗೆ ಹೋಮ್ ಅಸಿಸ್ಟೆಂಟ್, ಫ್ರಿಗೇಟ್ ಮುಂತಾದ ಬಿಟ್ಟಿ ತಂತ್ರಾಂಶ ಹಾಕಿ, ಬಂದದ್ದು ಮನುಷ್ಯನೋ ದನವೋ ಎಂದು ಮನೆಯಲ್ಲೇ ಗುರುತು ಹಿಡಿಸಬಹುದು. ಜೇಡನ ಕಾಟಕ್ಕೆ ಅದೇ ಒಳ್ಳೆಯ ಮದ್ದು. ಹಿಂದಿನ ಲೆಕ್ಕದಲ್ಲಿ ಒಂದು ಕ್ಯಾಮೆರಾಕ್ಕೆ ದಿನಕ್ಕೆ 22 ಜಿಬಿಯೊಳಗೆ, ನಾಲ್ಕಕ್ಕೆ 86 ಜಿಬಿಯ ಹತ್ತಿರ. 2 ಟಿಬಿಯ ಡಿಸ್ಕಿನಲ್ಲಿ ಒಂದು ಕ್ಷಣ ಬಿಡದೆ ಮೂರು ವಾರದ ಚಿತ್ರ ಕೂರುತ್ತದೆ. ಇಡೀ ಏರ್ಪಾಡಿನ ಖರ್ಚು ಈಗಿನ ಧಾರಣೆಯಲ್ಲಿ ಒಂದು ಮೂಟೆ ರಾಶಿ ಅಡಿಕೆಯ ದುಡ್ಡಿನೊಳಗೆ ಮುಗಿಯುತ್ತದೆ. ತಿಂಗಳ ಬಾಡಿಗೆ ಇಲ್ಲ.

ಮಲೆನಾಡಿನಲ್ಲಿ ಈ ಸಾಮಾನನ್ನು ಕೊಲ್ಲುವುದು ಕಳ್ಳರಿಗಿಂತ ಹೆಚ್ಚಾಗಿ ಥಂಡಿ ಮತ್ತು ಸಿಡಿಲು. ಕ್ಯಾಟ್-6 ಕೇಬಲ್ಲಿನ ತುದಿಯ ಪಿನ್ನು ಒಂದು ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಜಂಕ್ಷನ್ ಬಾಕ್ಸಿನ ತೂತಿಗೆ ಬಿರಡೆ ಹಾಕದಿದ್ದರೆ ಮೊದಲು ಇರುವೆ, ಆಮೇಲೆ ಹಲ್ಲಿ ಸಂಸಾರ ಹೂಡುತ್ತವೆ. ಅದಕ್ಕೇ ಬಾಕ್ಸನ್ನು ತಂತಿ ಕೆಳಗಿನಿಂದ ಹೋಗುವ ಹಾಗೆ ಕೂರಿಸಿ, ಪಿನ್ನಿಗೆ ಗ್ರೀಸ್ ಸವರಬೇಕು. ನೆಟ್‌ವರ್ಕ್ ಕೇಬಲ್ಲಿನ ಮಿತಿ ನೂರು ಮೀಟರು. ಕೊಟ್ಟಿಗೆ ದಾಟಿ ಅಡಿಕೆ ಮನೆಗೆ ಹೋಗುವಾಗಲೇ ಅದು ಮುಗಿಯುತ್ತದೆ. ಅಲ್ಲಿಂದಾಚೆಗೆ ಫೈಬರ್ ಎಳೆಯುವುದು ವಾಸಿ, ಯಾಕೆಂದರೆ ಗಾಜು ಸಿಡಿಲನ್ನು ಹೊತ್ತು ತರುವುದಿಲ್ಲ. ತಾಮ್ರದ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಿದವರು ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ರೆಕಾರ್ಡರು, ರೂಟರು, ಟಿವಿ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಕರೆಂಟಿನ ಲೆಕ್ಕ ಹೀಗೆ: ನಾಲ್ಕು ಕ್ಯಾಮೆರಾ, ರೆಕಾರ್ಡರು, ರೂಟರು ಸೇರಿ ನಲವತ್ತು ವಾಟಿನ ಆಸುಪಾಸು, ದಿನಕ್ಕೆ ಒಂದು ಯೂನಿಟ್ಟು. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿ, ಬೇರೇನೂ ಉರಿಸದಿದ್ದರೆ, ಒಂದು ದಿನ ಎಳೆದೀತು. ಮಳೆಗಾಲದಲ್ಲಿ ಸೋಲಾರ್ ನಂಬುವ ಹಾಗಿಲ್ಲ. ಆದರೆ ಗುಡ್ಡದ ಹಳ್ಳಕ್ಕೆ ಪೈಪು ಹಾಕಿ ಒಂದು ಕಿಲೋವಾಟಿನ ಪುಟ್ಟ ಟರ್ಬೈನ್ ತಿರುಗಿಸುವ ಮನೆಗಳು ಈ ಮಲೆನಾಡಿನಲ್ಲಿವೆ. ಮೆಸ್ಕಾಂ ಕೈಕೊಡುವ ಹೊತ್ತಿಗೇ ಹಳ್ಳ ತುಂಬಿ ಹರಿಯುತ್ತದೆ. ಹಳ್ಳವಿಲ್ಲದವರು ಕ್ಯಾಮೆರಾಗಳನ್ನು ಆರಿಸಿ ಸೆನ್ಸರು-ಸೈರನ್ನಿನ ಪೆಟ್ಟಿಗೆಯನ್ನಷ್ಟೇ ಇಟ್ಟುಕೊಳ್ಳಲಿ. ಅದು ತನ್ನೊಳಗಿನ ಸಣ್ಣ ಬ್ಯಾಟರಿಯ ಮೇಲೂ ನಡೆಯುತ್ತದೆ.

ಈಗ ಆಕ್ಷೇಪಣೆಗಳು. ಮೊದಲನೆಯದು ಎಲ್ಲರ ಬಾಯಲ್ಲಿರುವುದು, ಮತ್ತು ಗಟ್ಟಿಯಾದದ್ದು: ಕಳ್ಳ ರೆಕಾರ್ಡರನ್ನೇ ಎತ್ತಿಕೊಂಡು ಹೋದರೆ? ಹಾಗೆ ಹೋದ ಪ್ರಕರಣಗಳು ಬೇಕಾದಷ್ಟಿವೆ. ಆದರೆ ನಮ್ಮ ಮನೆಗಳಲ್ಲಿ ರೆಕಾರ್ಡರು ಕೂತಿರುವ ಜಾಗ ನೋಡಿ: ಚಾವಡಿಯ ಟಿವಿಯ ಕೆಳಗೆ, ಕ್ರೋಶಾ ಹೊದಿಕೆ ಹಾಕಿಸಿಕೊಂಡು, ಬಂದವರಿಗೆಲ್ಲ ಕಾಣುವ ಹಾಗೆ. ಮೆತ್ತು, ನಾಗಂದಿಗೆ, ಕಣಜ, ಕತ್ತಲೆ ಕೋಣೆ ಎಂದು ಮುಚ್ಚಿಡುವ ಜಾಗಗಳನ್ನೇ ಲೆಕ್ಕವಿಟ್ಟು ಕಟ್ಟಿದ ಮನೆಯಲ್ಲಿ ಒಂದು ಪೆಟ್ಟಿಗೆ ಅಡಗಿಸಲು ಜಾಗವಿಲ್ಲ ಎಂದರೆ ಹಿರಿಯರು ನಕ್ಕಾರು. ಕೆಟ್ಟುಹೋದ ಹಳೆಯ ಡಿವಿಆರ್ ಒಂದನ್ನು ಟಿವಿಯ ಕೆಳಗೆ ಹಾಗೇ ಬಿಟ್ಟು, ನಿಜವಾದದ್ದನ್ನು ಗಾಳಿ ಆಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಮೆತ್ತಿನ ಮೇಲೆ ಬೀಗ ಹಾಕಿಡಬಹುದು. ಐಪಿ ಕ್ಯಾಮೆರಾದೊಳಗೇ ಒಂದು ಮೆಮರಿ ಕಾರ್ಡು ಹಾಕಿದರೆ ಎರಡನೆಯ ಪ್ರತಿ ಅಲ್ಲಿರುತ್ತದೆ. ಮೂರನೆಯ ಪ್ರತಿ ಬೇಕೇ ಬೇಕೆನ್ನುವವರು ಗುಪ್ತಲಿಪಿಯಲ್ಲಿ ಮುಚ್ಚಿದ ತುಣುಕುಗಳನ್ನು ಆಚೆಮನೆಯ ಡಿಸ್ಕಿಗೆ ಹಾಯಿಸಬಹುದು. ಆಚೆಮನೆಯವರು ದಾಯಾದಿಗಳಾಗಿದ್ದು, ಬೇಲಿಯ ವ್ಯಾಜ್ಯ ಸಾಗರದ ಕೋರ್ಟಿನಲ್ಲಿ ನಡೆಯುತ್ತಿದ್ದರೆ ಈ ಉಪಾಯ ನಡೆಯುವುದಿಲ್ಲ ಎಂದು ಒಪ್ಪುತ್ತೇನೆ.

ಎರಡನೆಯ ಆಕ್ಷೇಪಣೆ: ದೊಡ್ಡ ಕಂಪನಿಗಳ ಸರ್ವರು ನಮ್ಮ ಮೆತ್ತಿನ ಮೇಲಿನ ಪೆಟ್ಟಿಗೆಗಿಂತ ಭದ್ರ. ಯಂತ್ರದ ಮಟ್ಟಿಗೆ ಹೌದು. ಆದರೆ 2025ರ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಕೇಂದ್ರ ಮುಗ್ಗರಿಸಿದಾಗ ಅದೇ ಕಂಪನಿಯ ರಿಂಗ್ ಕ್ಯಾಮೆರಾಗಳೂ ಗಂಟೆಗಟ್ಟಲೆ ಕುರುಡಾದವು. ಕಾಕತಾಳೀಯ ಎಂಬಂತೆ ನಮಗದು ನರಕ ಚತುರ್ದಶಿ, ಬೂರೆ ಹಬ್ಬದ ನೆಪದಲ್ಲಿ ಊರ ಹುಡುಗರು ಯಾರದೋ ಹಿತ್ತಲಿನ ಸೌತೆಕಾಯಿ, ಎಳನೀರು ಎಗರಿಸುವ ದಿನಮಾನ. (ಕ್ಯಾಮೆರಾ ಬಂದ ಮೇಲೆ ಆ ಕಳವಿನ ರಂಗೇ ಹೋಯಿತು ಎನ್ನುವವರಿದ್ದಾರೆ. ಆ ಒಂದು ರಾತ್ರಿ ಮೇನ್ ಸ್ವಿಚ್ ಆರಿಸಿಡುವುದು ಸಂಪ್ರದಾಯಕ್ಕೆ ಮಾಡುವ ಮರ್ಯಾದೆ.) ಒಂದು ದಿನ ಕುರುಡಾಗುವುದಕ್ಕಿಂತ ದೊಡ್ಡ ತೊಂದರೆ ಶಾಶ್ವತವಾಗಿ ಕುರುಡಾಗುವುದು. ಸ್ಮಾರ್ಟ್ ಮನೆ ಸಾಮಾನು ಮಾರುತ್ತಿದ್ದ ಅಮೆರಿಕದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಹೇಳದೆ ಕೇಳದೆ ಸರ್ವರ್ ಮುಚ್ಚಿತು. ಗೂಗಲ್ ತಾನು ಕೊಂಡಿದ್ದ ಡ್ರಾಪ್‌ಕ್ಯಾಮ್ ಕ್ಯಾಮೆರಾಗಳಿಗೆ 2024ರ ಏಪ್ರಿಲ್ 8ರಂದು ಸೇವೆ ನಿಲ್ಲಿಸಿತು. ಗಾಜು, ತಂತಿ, ದೀಪ ಎಲ್ಲ ಸರಿಯಿದ್ದ ಕ್ಯಾಮೆರಾಗಳು ಆ ದಿನದಿಂದ ಗೋಡೆಯ ಅಲಂಕಾರವಾದವು. ಕೊಂಡವನ ಗೋಡೆಯ ಮೇಲಿದ್ದರೂ ಅವುಗಳ ಆಯುಷ್ಯ ಬೇರೆಯವರ ಕೈಯಲ್ಲಿತ್ತು.

ಮೂರನೆಯ ಆಕ್ಷೇಪಣೆಯನ್ನು ಜನ ನಗುತ್ತ ಹೇಳುತ್ತಾರೆ: ನಮ್ಮ ಅಂಗಳದಲ್ಲಿ ಮುಚ್ಚಿಡುವಂಥದ್ದು ಏನಿದೆ ಮಾರಾಯ್ರೆ, ಒಣಗುವ ಅಡಿಕೆ, ಮಲಗಿದ ನಾಯಿ. ಇದಕ್ಕೆ ಉತ್ತರ ಹೊಸನಗರದ ಪಕ್ಕದಲ್ಲೇ ಇದೆ. ಕೆಳದಿ ಅರಸರ ಬಿದನೂರು, ಈಗಿನ ನಗರ, ಸುತ್ತ ಗುಡ್ಡ ಮತ್ತು ದಟ್ಟ ಕಾಡೇ ಕೋಟೆಯಾಗಿದ್ದ ಊರು. 1763ರಲ್ಲಿ ಹೈದರಾಲಿ ಅದನ್ನು ಹಿಡಿದದ್ದು ತೋಪಿನ ಬಲದಿಂದಲ್ಲ. ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಗುಟ್ಟಿನ ದಾರಿಯೊಂದನ್ನು ತೋರಿಸಿಕೊಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಊರು ಕೊಳ್ಳೆ ಹೋದದ್ದು ಒಳಗಿನ ಮಾಹಿತಿ ಹೊರಗೆ ಹೋದದ್ದರಿಂದ. ಅಂಗಳದ ಕ್ಯಾಮೆರಾಕ್ಕೆ ಗೊತ್ತಿರುವುದು ಅಂಥ ಮಾಹಿತಿಯೇ: ಅಡಿಕೆ ಚೀಲಕ್ಕೆ ತುಂಬಿದ್ದು ಯಾವ ದಿನ, ವ್ಯಾಪಾರಿಯ ಗಾಡಿ ಬಂದದ್ದು ಯಾವಾಗ, ಯಜಮಾನರು ಮದುವೆಗೆ ಹೋಗಿ ಮನೆ ಖಾಲಿಯಿರುವುದು ಎಷ್ಟು ಹೊತ್ತು. ಇದರ ಜೊತೆಗೆ ಬಚ್ಚಲಿನಿಂದ ಬರುವ ಹೆಂಗಸರು, ಸುಲಿಯಲು ಬಂದು ಚಪ್ಪರದಡಿ ರಾತ್ರಿಯವರೆಗೆ ಕೂರುವ ಆಳುಗಳು, ಅವರ ಮಕ್ಕಳು. ಅವರ್ಯಾರೂ ಆ್ಯಪಿನ ಷರತ್ತಿಗೆ ‘ಒಪ್ಪಿದ್ದೇನೆ’ ಎಂದು ಒತ್ತಿದವರಲ್ಲ.

ಹೊರಗೆ ಹೋದ ಚಿತ್ರಕ್ಕೆ ಏನಾಗುತ್ತದೆ ಎನ್ನಲು ಸಾಕ್ಷ್ಯ ಸಾಕಷ್ಟಿದೆ. ರಿಂಗ್ ಕಂಪನಿಯ ನೌಕರರು ಗಿರಾಕಿಗಳ ಮಲಗುವ ಕೋಣೆಯ ವಿಡಿಯೊಗಳನ್ನು ನೋಡಲು ಬಿಟ್ಟಿದ್ದಕ್ಕೆ ಅಮೆರಿಕದ ವ್ಯಾಪಾರ ಆಯೋಗ 2023ರಲ್ಲಿ 58 ಲಕ್ಷ ಡಾಲರ್ ಕಕ್ಕಿಸಿತು. 2021ರ ಮಾರ್ಚ್‌ನಲ್ಲಿ ವರ್ಕಾಡಾ ಎಂಬ ಕಂಪನಿಯ ಒಂದೇ ಖಾತೆಯ ಕೀಲಿ ಸಿಕ್ಕಿದವರಿಗೆ ಸುಮಾರು ಒಂದೂವರೆ ಲಕ್ಷ ಕ್ಯಾಮೆರಾಗಳು ತೆರೆದುಕೊಂಡವು, ಆಸ್ಪತ್ರೆ, ಜೈಲು, ಶಾಲೆ ಎನ್ನದೆ. 2024ರ ಫೆಬ್ರುವರಿಯಲ್ಲಿ ವೈಜ್ ಕಂಪನಿಯ ಸರ್ವರು ತಡವರಿಸಿ ಸುಮಾರು 13,000 ಜನರಿಗೆ ಪರರ ಮನೆಯ ಚಿತ್ರ ತೋರಿಸಿತು. ಪ್ರಾಮಾಣಿಕವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. 2025ರಲ್ಲಿ ಗುಜರಾತಿನ ರಾಜಕೋಟದ ಹೆರಿಗೆ ಆಸ್ಪತ್ರೆಯೊಂದರ ತಪಾಸಣಾ ಕೋಣೆಯ ದೃಶ್ಯಗಳು ಹೊರಬಂದು ಮಾರಾಟವಾದಾಗ, ದಾರಿ ಮಾಡಿಕೊಟ್ಟದ್ದು ‘ಅಡ್ಮಿನ್123’ ಎಂಬಂಥ ಪಾಸ್‌ವರ್ಡು ಎಂದು ವರದಿಯಾಯಿತು. ಪೆಟ್ಟಿಗೆ ಮನೆಯಲ್ಲಿದ್ದ ಮಾತ್ರಕ್ಕೆ ಆಗಲಿಲ್ಲ, ಅದರ ಬಾಗಿಲನ್ನು ಇಂಟರ್ನೆಟ್ಟಿನ ಕಡೆಗೆ ತೆರೆದಿಟ್ಟರೆ ಕ್ಲೌಡಿಗಿಂತ ಕಡೆ. ಇನ್ನು ಕಾನೂನಿನ ಮಾತು: ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಮನೆಯ ವಾಸದ ಭಾಗದೊಳಗೆ ಜೊತೆವಾಸಿಯ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟು 2025ರಲ್ಲಿ ತೀರ್ಪಿತ್ತಿತು, ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲಿಲ್ಲ. ಅಣ್ಣತಮ್ಮಂದಿರು ಒಂದೇ ಮಾಡಿನಡಿ ಎರಡು ಒಲೆ ಹೂಡಿರುವ ಮನೆಗಳು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಮಗನ ಪಾಡು ಏನು ಎಂದು ಕೇಳಬಹುದು. ಅವನ ಕಾಳಜಿ ಸುಳ್ಳಲ್ಲ. ಕಳ್ಳನಿಗಿಂತ ಹೆಚ್ಚಾಗಿ ಅವನಿಗಿರುವುದು ಅಪ್ಪಯ್ಯ ಬಚ್ಚಲಲ್ಲಿ ಜಾರಿ ಬಿದ್ದರೆ ಎಂಬ ಹೆದರಿಕೆ. ನೆಟ್‌ವರ್ಕ್ ಇರುವಾಗ ಅವನೂ ನೋಡಲಿ. ಅದಕ್ಕೆ ವಿಪಿಎನ್ ಎಂಬ ಖಾಸಗಿ ದಾರಿ ಇದೆ. ಅವನ ಫೋನು ಮನೆಯ ರೂಟರಿಗೆ ನೇರ ಬರುತ್ತದೆ, ನಡುವೆ ಯಾರೂ ಚಿತ್ರ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಒಂದು ತೊಡಕಿದೆ: ಮೊಬೈಲ್ ಕಂಪನಿಗಳು, ಎಷ್ಟೋ ಫೈಬರ್ ಕಂಪನಿಗಳು ಕೂಡ, ಹಲವು ಮನೆಗಳಿಗೆ ಒಂದೇ ವಿಳಾಸ ಹಂಚುವುದರಿಂದ ಹೊರಗಿನಿಂದ ನೇರ ಬರಲು ಆಗುವುದಿಲ್ಲ. ಆಗ ಎರಡು ಕಡೆಯವರನ್ನು ಪರಿಚಯ ಮಾಡಿಸುವ ಒಂದು ಮಧ್ಯವರ್ತಿ ಸರ್ವರು ಬೇಕು. ಶುದ್ಧಾಂಗ ಕ್ಲೌಡ್-ವಿರೋಧಿಗಳು ಇಲ್ಲಿ ಮುಖ ಸಿಂಡರಿಸುತ್ತಾರೆ. ನನಗೆ ಅದು ಅತಿ ಎನಿಸುತ್ತದೆ. ಆ ಮಧ್ಯವರ್ತಿಗೆ ಚಿತ್ರ ಕಾಣುವುದಿಲ್ಲ, ಅದು ಸತ್ತರೆ ಮಗನಿಗೆ ನೋಡಲಾಗುವುದಿಲ್ಲ ಅಷ್ಟೇ, ಮನೆಯ ಸೈರನ್ನಿಗೆ ಏನೂ ಆಗುವುದಿಲ್ಲ. ಮನೆಯ ಕಾವಲು ಅದನ್ನು ನೆಚ್ಚಿಕೊಂಡಿಲ್ಲ ಎನ್ನುವುದೇ ಮುಖ್ಯ. ಜಾರಿ ಬೀಳುವ ಭಯಕ್ಕಂತೂ ಕ್ಯಾಮೆರಾ ಮದ್ದೇ ಅಲ್ಲ: ಬಚ್ಚಲಲ್ಲಿ ಅದನ್ನು ಇಡುವ ಹಾಗಿಲ್ಲ. ಕೈಗೆಟಕುವ ಎತ್ತರದಲ್ಲಿ ಅದೇ ಸೈರನ್ ಪೆಟ್ಟಿಗೆಗೆ ಜೋಡಿಸಿದ ಒಂದು ಗುಂಡಿ, ಎಳೆಯಲು ಒಂದು ದಾರ. ಆಚೆಮನೆಯವರು ಬಂದು ಎತ್ತುತ್ತಾರೆ.

ಪೊಲೀಸರು ಕೇಳುವ ಪ್ರಶ್ನೆಯೊಂದಿದೆ, ಮನೆಯವರು ಅದನ್ನು ಮರೆಯುತ್ತಾರೆ: ಈ ವಿಡಿಯೊ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಅದಕ್ಕೊಂದು ನಮೂನೆಯನ್ನೂ, ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ರೆಕಾರ್ಡರು ನಿಮ್ಮ ಮೆತ್ತಿನ ಮೇಲಿದ್ದರೆ, ಅದು ನನ್ನ ಸುಪರ್ದಿನಲ್ಲಿತ್ತು, ಸರಿಯಾಗಿ ನಡೆಯುತ್ತಿತ್ತು ಎಂದು ಸಹಿ ಹಾಕಲು ಮನೆಯ ಯಜಮಾನರೇ ಸಾಕು. ತಜ್ಞರ ಭಾಗವನ್ನು ತಜ್ಞರು ತುಂಬುತ್ತಾರೆ. ಮೂಲ ಹೊರದೇಶದ ಸರ್ವರಿನಲ್ಲಿ ಕೂತಿದ್ದರೆ ಪತ್ರ ವ್ಯವಹಾರ ಯಾರ ಜೊತೆ? ರೆಕಾರ್ಡರಿನ ಗಡಿಯಾರ ಸರಿಯಿರಬೇಕು ಎನ್ನುವುದೂ ಇದಕ್ಕೇ. ಇಂಟರ್ನೆಟ್ ಇಲ್ಲದ ಪೆಟ್ಟಿಗೆಯ ಗಡಿಯಾರ ತಿಂಗಳಿಗೆ ಒಂದೆರಡು ನಿಮಿಷ ಹಿಂದುಮುಂದಾಗುತ್ತದೆ. ಸಂಕಷ್ಟಿಗೋ ಹುಣ್ಣಿಮೆಗೋ ಒಮ್ಮೆ ನೋಡಿ ಸರಿಮಾಡಿದರೆ ಸಾಕು.

ನಾಯಿ, ಕೋವಿ ಇದ್ದರೆ ಇದೆಲ್ಲ ಯಾಕೆ ಎನ್ನುವ ಹಳಬರ ಮಾತಿಗೂ ಬೆಲೆಯಿದೆ. ನಾಯಿಯಷ್ಟು ಒಳ್ಳೆಯ ಸೆನ್ಸರನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಆದರೆ ಕಾಡಂಚಿನ ಮನೆಗಳಲ್ಲಿ ಚಿರತೆ ವರ್ಷ ವರ್ಷ ನಾಯಿಯ ಲೆಕ್ಕ ಚುಕ್ತಾ ಮಾಡುತ್ತದೆ. ಲೈಸೆನ್ಸಿನ ಕೋವಿಯನ್ನು ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ, ಮತ್ತು ಎಪ್ಪತ್ತೈದರ ಕೈಯಲ್ಲಿ ಕತ್ತಲೆಯಲ್ಲಿ ಕೋವಿ ಇರುವುದು ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯ. ಇನ್ನು, ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ. ನಿಜ, ಮನೆವಾಸಿ ಏರ್ಪಾಡಿಗೆ ಮನೆಯವರ ಕೈ ಬೇಕು: ಗಾಜು ಒರೆಸಬೇಕು, ಬ್ಯಾಟರಿಗೆ ನೀರು ಹಾಕಬೇಕು, ಸೈರನ್ ವಾರಕ್ಕೊಮ್ಮೆ ಕೂಗಿಸಿ ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವುದನ್ನು, ಪಂಪಿನ ಫುಟ್‌ವಾಲ್ವ್ ತೊಳೆಯುವುದನ್ನು ತಪ್ಪದೆ ಮಾಡುವ ಕೈಗಳಿಗೆ ಇದು ಹೊರೆಯಾಗದು. ಕ್ಲೌಡಿನವರು ‘ನೀವೇನೂ ಮಾಡುವುದು ಬೇಡ’ ಎನ್ನುವುದೇ ಅವರ ದೊಡ್ಡ ಆಕರ್ಷಣೆ. ಕಾವಲಿನಲ್ಲಿ ಆ ಮಾತು ನಂಬಿಕೆಗೆ ಯೋಗ್ಯವಲ್ಲ ಎಂದೇ ನನ್ನ ಅಭಿಪ್ರಾಯ.

ಈಗಾಗಲೇ ಕ್ಯಾಮೆರಾ ಹಾಕಿಸಿರುವವರಿಗೆ ಎರಡು ಕೆಲಸ. ಹಾಕಿದ ಹುಡುಗನಿಗೆ ಫೋನು ಮಾಡಿ ನಿಮ್ಮ ಡಿವಿಆರ್ ಯಾರ ಮೊಬೈಲ್ ನಂಬರಿನಲ್ಲಿ ನೋಂದಣಿಯಾಗಿದೆ ಎಂದು ಕೇಳಿ. ಅವಸರದಲ್ಲಿ ತನ್ನದೇ ನಂಬರು ಹಾಕಿ, ಊರಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟು ಹೋಗುವುದು ಆ ಕಸುಬಿನಲ್ಲಿ ಹೊಸತಲ್ಲ. ಅದನ್ನು ನಿಮ್ಮ ಹೆಸರಿಗೆ ಬದಲಿಸಿ, ಬೇಡದಿದ್ದರೆ ಇಂಟರ್ನೆಟ್ ತಂತಿಯನ್ನೇ ಕಿತ್ತುಹಾಕಿ. ಚಿತ್ರ ಮೂಡುವುದು ನಿಲ್ಲುವುದಿಲ್ಲ. ಹೊಸದಾಗಿ ಕೊಳ್ಳುವವರು, ಕ್ಯಾಮೆರಾದ ಭದ್ರತೆಗೆಂದು 2025ರ ಏಪ್ರಿಲ್ 9ರಿಂದ ಸರ್ಕಾರ ಕಡ್ಡಾಯ ಮಾಡಿರುವ ಎಸ್‌ಟಿಕ್ಯೂಸಿ ಪರೀಕ್ಷೆ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಎರಡನೆಯ ಕೆಲಸ ಮುಂಗಾರಿಗೆ ಮೊದಲು ಒಂದು ಸಂಜೆ ಮಾಡುವಂಥದ್ದು. ಆಚೆಮನೆಯವರಿಗೆ ಹೇಳಿ, ಮೇನ್ ಸ್ವಿಚ್ ಆರಿಸಿ, ರೂಟರಿನ ತಂತಿ ತೆಗೆದು, ಮನೆಯವರೊಬ್ಬರು ದಣಪೆ ದಾಟಿ ಅಡಿಕೆ ಮನೆಯ ಬಾಗಿಲು ತೆರೆಯಲಿ. ಆಚೆಮನೆಯವರು ಟಾರ್ಚ್ ಹಿಡಿದು ಬಂದರೆ ಏರ್ಪಾಡು ಸರಿಯಿದೆ. ಯಾರೂ ಬರದಿದ್ದರೆ ಇನ್ನೊಂದು ಕ್ಯಾಮೆರಾ ಕೊಳ್ಳಬೇಡಿ, ಸೈರನ್ ಕೊಳ್ಳಿ.